ಕೆನ್ನೆಗೆ ಹಚ್ಚಿದ ಖಾರ

"ಅಮ್ಮಾ, ಉರಿ!" ಎಂದು ಕಿರುಚುತ್ತ ಬೊರೋಕಾ ಬಚ್ಚಲಿನಿಂದ ಓಡಿಬಂದಳು. ಎರಡು ಕೆನ್ನೆಗೂ ಕೆಂಪು ಮೆಣಸಿನಕಾಯಿ ಅರೆದದ್ದು ಮೆತ್ತಿಕೊಂಡಿತ್ತು. ಹಂಗೇರಿಯ ದೆಬ್ರೆಸೆನ್ ಊರಿನ ಅವಳ ಶಾಲೆಯಲ್ಲಿ ಇವತ್ತು ಕೊನೆಯ ತರಗತಿಯವರ ನೃತ್ಯಸಂಜೆ. ಈ ಮೊಡವೆ ಮುಖ ಹೊತ್ತು ಹೋಗುವುದೇ ಇಲ್ಲ ಎಂದು ಬೆಳಿಗ್ಗೆಯಿಂದ ಹಟ ಹಿಡಿದಿದ್ದಳು.

ಅಮ್ಮ ಎನಿಕೋ ಕೈಗೆ ಸಿಕ್ಕ, ಮೊಸರಿನಂಥ ಹುಳಿಕೆನೆಯನ್ನೇ ಮಗಳ ಮುಖಕ್ಕೆ ಬಳಿದಳು. "ಯಾರೇ ಹೇಳಿದ್ದು ನಿಂಗೆ, ಇದನ್ನ ಹಚ್ಕೋ ಅಂತ?"

"ನೀನೇ! ಚರ್ಮದ ಎಣ್ಣೆ ಗ್ರಂಥೀಲಿ ಪುಟ್ಟ ಪುಟ್ಟ ಬಾಗಿಲಿವೆ, ಖಾರ ತಾಕಿದ್ರೆ ತೆರ್ಕೊಂಡು ಕ್ಯಾಲ್ಸಿಯಂ ಒಳಗೆ ಹೋಗುತ್ತೆ, ಎಣ್ಣೆ ಕಮ್ಮಿ ಆಗುತ್ತೆ ಅಂತ ಊಟಕ್ಕೆ ಕೂತಾಗೆಲ್ಲ ಕೊರೀತೀಯಲ್ಲ!"

"ಅಯ್ಯೋ ಪೆದ್ದಿ, ಅದು ನನ್ನ ಲ್ಯಾಬಿನ ಗಾಜಿನ ತಟ್ಟೇಲಿ ಬೆಳೆಸಿದ ಜೀವಕೋಶದ ಮಾತು ಕಣೇ! ಅದೇ ಬಾಗಿಲು ನೋವಿನ ನರದಲ್ಲೂ ಇದೆ. ಅದಕ್ಕೇ ಈ ಉರಿ."

"ಆ ಅರ್ಧ ಹೇಳ್ದೆ ನುಂಗ್ಕೊಂಡ್ಯಲ್ಲ, ವಿಜ್ಞಾನಿ!"

ಎನಿಕೋ ಮೆಲ್ಲಗೆ ಒರೆಸಿದಳು. ಉರಿ ತಗ್ಗಿತ್ತು, ಆದರೆ ಮುಖವೆಲ್ಲ ಹಣ್ಣು ಟೊಮೇಟೊ. ಇನ್ನು ಅಳು ಶುರುವಾಗುತ್ತದೆ ಎಂದು ಅವಳು ಟವೆಲ್ ಹಿಡಿದೇ ನಿಂತಳು. ಬೊರೋಕಾ ಕನ್ನಡಿಗೆ ಮೂಗು ತಾಗಿಸಿ ಕೆನ್ನೆಯ ಮೇಲೆಲ್ಲ ಬೆರಳಾಡಿಸಿದಳು, ಆಮೇಲೆ ಬಿದ್ದು ಬಿದ್ದು ನಕ್ಕಳು.

"ಅಮ್ಮಾ, ಎಲ್ಲಾ ಒಂದೇ ಕೆಂಪು! ಮೊಡವೆ ಯಾವ್ದು, ಕೆನ್ನೆ ಯಾವ್ದು ಗೊತ್ತೇ ಆಗ್ತಿಲ್ಲ. ಬೇಗ ನನ್ನ ಬಿಳಿ ಗೌನು ಕೊಡು, ಬಣ್ಣ ಇಳಿಯೋಕೆ ಮುಂಚೆ ಹೋಗ್ಬೇಕು!"