ಕೆಂಪು ಹೆಬ್ಬೆಟ್ಟು

“ಒಂದೇ ಉಸಿರಿನ್ಯಾಗ ‘ಆ’ ಅನ್ರಿ ದೊಡ್ಡಮ್ಮ. ಎಷ್ಟೊತ್ತು ಆಗ್ತೈತೋ ಅಷ್ಟೊತ್ತು,” ಎಂದು ಪೂಜಿತಾ ಮೊಬೈಲಿನ ಗಡಿಯಾರ ಒತ್ತಿದಳು.

ಮುದುಕಮ್ಮ ಬಾಯಿ ತೆರೆದಳು. ಜೋಳದ ಒಣ ಎಲೆ ಉಜ್ಜಿದಂಥ ಸದ್ದು ಬಂದು ಐದನೇ ಸೆಕೆಂಡಿಗೆ ನಿಂತಿತು. ಸಂಡೂರಿನ ಹತ್ತಿರದ ಆ ಊರಿನ ಶಾಲೆಯ ಜಗಲಿಯಲ್ಲಿ ಗಣಿ ಕಂಪನಿಯ ಆರೋಗ್ಯ ಶಿಬಿರ. ಹೊಸಪೇಟೆಯಿಂದ, ದನಿ-ಮಾತಿನ ತೊಂದರೆ ನೋಡುವ ವಾಕ್ ಚಿಕಿತ್ಸಕಿ ಪೂಜಿತಾಳನ್ನು ಕರೆತಂದದ್ದೂ ಕಂಪನಿಯ ಜೀಪೇ. ಎದುರಿನ ರಸ್ತೆಯಲ್ಲಿ ಅದಿರಿನ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಟೇಬಲ್ಲನ್ನು ಎಷ್ಟು ಸಲ ಒರೆಸಿದರೂ ಧೂಳು ಕೂತು ಮತ್ತೆ ಕೆಂಪಾಗುತ್ತಿತ್ತು.

“ಈಗ ‘ಸ್’ ಅಂತ ಎಳೀರಿ.” ಹದಿನಾಲ್ಕು ಸೆಕೆಂಡು. “‘ಝ್’ ಅಂತ ಎಳೀರಿ.” ಆರೇ. ಎದೆಯಲ್ಲಿ ಉಸಿರಿದೆ, ಗಂಟಲಿನಲ್ಲಿ ಸ್ವರತಂತುಗಳು ಸರಿಯಾಗಿ ಕೂಡುತ್ತಿಲ್ಲ ಎಂದು ಪೂಜಿತಾಗೆ ಅನಿಸಿತು. ಖಚಿತವಾಗಲು ಕ್ಯಾಮೆರಾ ಇಳಿಸಿ ನೋಡಬೇಕು.

“ಎಷ್ಟು ದಿನ ಆತ್ರಿ ಹಿಂಗಾಗಿ?”

“ಎಲ್ಡ್ ವರ್ಸ ಆತವ್ವ. ಲಾರಿ ನಮ್ಮನಿ ಮುಂದ ತಿರುಗಾಕ ಹತ್ತಿದಾಗಿಂದ. ಮೊದ್ಲು ಧೂಳು, ಆಮ್ಯಾಲ ಕೆಮ್ಮು, ಆಮ್ಯಾಲ ದನಿ ಹೋತು.”

“ಜೋರಾಗಿ ಕೂಗ್ತೀರೇನು? ಜಗಳ ಗಿಗಳ?”

ಮುದುಕಮ್ಮ ನಕ್ಕಳು. “ಅತ್ತಿ ಮುಂದ ಕೆಮ್ಮಾಕೂ ಅಂಜತಿದ್ನೆವ್ವ ನಾನು. ಜೀವಮಾನದಾಗ ಒಂದ ಸಲ ಕೂಗೀನಿ. ಹೋದ ತಿಂಗಳು ಗ್ರಾಮಸಭಿಯೊಳಗ, ಧೂಳಿನ ಸಲುವಾಗಿ. ಈ ಸಾಹೇಬ್ರ ಮುಂದನ.”

ಹಿಂದೆ ಕೈಕಟ್ಟಿ ನಿಂತಿದ್ದ ಕಂಪನಿಯ ಜಂಬುನಾಥ ಮುಗುಳ್ನಕ್ಕ. “ಮತ್ತೇನ್ರಿ ಮೇಡಂ, ಕಾರಣ ಸಿಕ್ತಲ್ಲ!”

ಪೂಜಿತಾ ಫಾರಂ ನೋಡಿದಳು. ‘ಕಾರಣ’ ಎಂಬಲ್ಲಿ ನಾಲ್ಕೇ ಕಾಲಂ: ಕೂಗಾಟ, ತಂಬಾಕು, ಹುಳಿತೇಗು, ನೆಗಡಿ.

“ಧೂಳಿಗೆ ಕಾಲಂ ಇಲ್ಲಲ್ರಿ?”

“ಹೆಡ್ಡಾಫೀಸಿಂದ ಪ್ರಿಂಟಾಗಿ ಬಂದೈತ್ರಿ. ನಮ್ಮ ಕೈಯಾಗ ಏನೈತಿ?”

ಅಂಚಿನಲ್ಲಿ ಕೈಯಿಂದ ಬರೆಯಬಹುದಿತ್ತು. ಎರಡೇ ಅಕ್ಷರದ ಮಾತು. ಆದರೆ ಮುಂದಿನ ಶಿಬಿರಕ್ಕೂ ಇದೇ ಜೀಪು ಬರಬೇಕಲ್ಲ! ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪೂಜಿತಾ ‘ಕೂಗಾಟ’ಕ್ಕೆ ಗುರುತು ಹಾಕಿ, ಕೆಳಗೆ ‘ಕ್ಯಾಮೆರಾ ಪರೀಕ್ಷೆ ಅಗತ್ಯ’ ಎಂದು ಬರೆದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

“ಒಂದು ತಿಂಗಳು ಗಂಟಲಿಗೆ ವಿಶ್ರಾಂತಿ ಕೊಡ್ರಿ. ಜಾಸ್ತಿ ಮಾತಾಡಬ್ಯಾಡ್ರಿ.” ಸಲಹೆ ತಪ್ಪಲ್ಲ, ಅವಳು ಓದಿದ ಪುಸ್ತಕದಲ್ಲಿ ಇದ್ದದ್ದೇ.

“ಶುಕ್ರವಾರ ಡಿ.ಸಿ. ಸಾಹೇಬ್ರು ಬರ್ತಾರವ್ವ. ಗಣಿ ಇನ್ನಾ ದೊಡ್ದು ಮಾಡಾಕ ಊರಾಗಿನವ್ರ ಮಾತು ಕೇಳ್ತಾರಂತ. ನಾ ಹೆಸರು ಬರ್ಸೀನಿ.”

“ಡಾಕ್ಟ್ರೇ ಬ್ಯಾಡ ಅಂದ ಮ್ಯಾಲ ಹೆಂಗ ಮಾತಾಡ್ತಿ ಅಕ್ಕಾ?” ಜಂಬುನಾಥನ ಮಾತು ಬೆಣ್ಣೆಯಾಯಿತು. “ನಿನ್ನ ಆರೋಗ್ಯ ಮುಖ್ಯ. ನಿನ್ನ ಮಾತಿನ ಬದ್ಲಿ ಈ ಕಾಗದ ನಾನ ಅವ್ರಿಗೆ ಮುಟ್ಟಸ್ತೀನಿ. ಹೆಬ್ಬೆಟ್ಟು ಒತ್ತು.”

ಮುದುಕಮ್ಮ ಪೂಜಿತಾಳ ಕಡೆ ಬಾಗಿದಳು. “ಧೂಳು ಅಂತ ಬರದೀಯೇನವ್ವ?”

ಪೂಜಿತಾ ಪೆನ್ನಿಗೆ ಮುಚ್ಚಳ ಹಾಕಿದಳು.

ಜಂಬುನಾಥ ಮುಂದೆ ಸರಿಸಿದ ಶಾಯಿಯ ಡಬ್ಬಿಯನ್ನು ಮುದುಕಮ್ಮ ಮುಟ್ಟಲಿಲ್ಲ. ಹೆಬ್ಬೆರಳಿಗೆ ಎಂಜಲು ಹಚ್ಚಿ ಟೇಬಲ್ಲಿನ ಉದ್ದಕ್ಕೂ ಎಳೆದಳು. ಕಾಗದದ ಮೇಲೆ ಬಲವಾಗಿ ಒತ್ತಿದಳು. ಅದಿರಿನ ಬಣ್ಣದ ಗುರುತು ಗೆರೆಗೆರೆಯಾಗಿ ಮೂಡಿತು.

“ನೀ ಬರೀದಿದ್ರ ಬ್ಯಾಡ. ನಾ ಬರದೀನಿ. ಡಿ.ಸಿ. ಸಾಹೇಬ್ರು ನೋಡ್ಲಿ,” ಎಂದು ಆ ಒಡಕು ದನಿಯಲ್ಲೇ ಹೇಳಿ ಮೆಟ್ಟಿಲಿಳಿದಳು.

ಪೂಜಿತಾ ಆ ಕೆಂಪು ಗುರುತನ್ನೇ ನೋಡುತ್ತ ಕುಳಿತಳು. ಜಂಬುನಾಥ ಕಾಗದವನ್ನು ಮೆಲ್ಲಗೆ ಎತ್ತಿ ಫೈಲಿಗೆ ಸೇರಿಸಿದ.

“ಇರ್ಲಿ ಬಿಡ್ರಿ ಮೇಡಂ. ಅವ್ರಿಗೆ ಕೊಡೋದು ಜೆರಾಕ್ಸ್. ಅದ್ರಾಗ ಎಲ್ಲಾ ಕರ್ರಗ ಬರ್ತೈತಿ.”