ಒಣಮೀನಿನ ಎಪಿಸೋಡು

ಉಮಾವತಿಯ ಕೈ ಟೀವಿಯ ವಾಲ್ಯೂಮ್ ಗುಂಡಿಯತ್ತ ಹೋದದ್ದನ್ನು ಕಂಡು ರಮಾನಾಥನ ಮಾತು ಅರ್ಧಕ್ಕೇ ನಿಂತಿತು. ತೆರೆಯ ಮೇಲೆ ದಪ್ಪ ಬಿಳಿ ಸಾಹೇಬನೊಬ್ಬ ಪೊಲೀಸನ ಎದುರು ಸೂಟ್‌ಕೇಸ್ ಬಿಚ್ಚುತ್ತಿದ್ದ. ಅತ್ತೆಗೆಂದು ಒಣಮೀನು ಬಚ್ಚಿಟ್ಟು ತಂದವನು ಕಸ್ಟಮ್ಸಿನವರ ಕೈಗೆ ಸಿಕ್ಕಿಬಿದ್ದ ಎಂದು ರಮಾನಾಥ ಆಗಷ್ಟೇ ಕನ್ನಡದಲ್ಲಿ ವಿವರಿಸಿದ್ದ.

ಕೊಲ್ಲಿ ನಾಡಿನ ಹೂರಾ ಪೇಟೆಯ ಆ ಕೋಣೆಯ ಆರು ಮಂದಿಗೂ ಪ್ರತಿ ಶುಕ್ರವಾರ ಈ ಇಂಗ್ಲಿಷ್ ಹಾಸ್ಯ ಸರಣಿಯ ಕ್ಯಾಸೆಟ್ ಬೇಕೇ ಬೇಕು. ಅದರಲ್ಲೂ ಒಣಮೀನಿನ ಎಪಿಸೋಡು ಎಂದರೆ ಪ್ರಾಣ. ಎ.ಸಿ. ರಿಪೇರಿಯ ರಮಾನಾಥನ ಇಂಗ್ಲಿಷ್ 'ಗ್ಯಾಸ್ ಫಿನಿಶ್, ಮೇಡಂ' ಎಂಬಲ್ಲಿಗೆ ಮುಗಿಯುತ್ತಿತ್ತೆಂಬುದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಟೀವಿಯೊಳಗಿನ ಜನ ನಗುವ ಹೊತ್ತಿಗೆ ಸರಿಯಾಗಿ ಇವರೂ ನಗುವಂತೆ ಕಥೆ ಕಟ್ಟುವುದು ಮಾತ್ರ ಅವನಿಗೆ ಕರಗತವಾಗಿತ್ತು. ಆದರೆ ಇವತ್ತು ಅವರಲ್ಲೊಬ್ಬನಾದ ವಾಸು ತನ್ನ ತಂಗಿಯನ್ನೂ ಕರೆತಂದಿದ್ದ. ಉಮಾವತಿ ಬ್ಯಾಂಕಿನಲ್ಲಿ ಇಂಗ್ಲಿಷ್ ಟೈಪಿಸ್ಟ್. ಹತ್ತು ನಿಮಿಷದಿಂದ ಅವಳು ಟೀವಿಯನ್ನೊಮ್ಮೆ, ರಮಾನಾಥನನ್ನೊಮ್ಮೆ ನೋಡುತ್ತಿದ್ದಳು.

"ಸೌಂಡ್ ಜಾಸ್ತಿ ಮಾಡು ಮಾರಾಯ್ತಿ, ನಿನಗೆ ಹೇಗೂ ಇಂಗ್ಲಿಷ್ ಬರ್ತದಲ್ಲ" ಎಂದ ವಾಸು.

ರಮಾನಾಥ ನೆಲದ ಚಾಪೆಯ ಎಳೆ ಕೀಳತೊಡಗಿದ. ಉಮಾವತಿ ಗುಂಡಿಯನ್ನು ಎಡಕ್ಕೆ, ಕೊನೆಯವರೆಗೂ ತಿರುಗಿಸಿದಳು. ಸಾಹೇಬನ ಬಾಯಿ ಆಡುತ್ತಲೇ ಇತ್ತು, ಸದ್ದು ಮಾತ್ರ ಪೂರ್ತಿ ಅಡಗಿತು.

"ಇವರ ಬೊಬ್ಬೆಯಲ್ಲಿ ನಿಮ್ಮ ಮಾತೇ ಕೇಳುದಿಲ್ಲ ರಮಾನಾಥಣ್ಣ" ಎಂದು ಅವಳು ಚಕ್ಕಳಮಕ್ಕಳ ಹಾಕಿ ಕುಳಿತಳು. "ಈಗ ಹೇಳಿ. ಆ ಅತ್ತೆಗೆ ಕಡೆಗೆ ಮೀನು ಸಿಕ್ಕಿತಾ?"