ಮೂಲೆ ಮನೆಯ ತಿಂಡಿ

“ಸುರಭಿ, ಸ್ಕೂಟರ್ ಎಲ್ಲಮ್ಮ?” ಎಂದು ಅತ್ತೆ ಕೇಳಿದಾಗ ಸುರಭಿ ಗೇಟಿನಲ್ಲೇ ನಿಂತುಬಿಟ್ಟಳು. ಕೀ ಕೈಯಲ್ಲಿತ್ತು; ಸ್ಕೂಟರು ಜಯನಗರದ ಪಾರ್ಕಿನ ಮುಂದೆಯೇ ಉಳಿದಿತ್ತು.

ಶುಗರ್ ಏರಿದೆ, ನಡೆಯಿರಿ ಎಂದು ಡಾಕ್ಟರು ಹೇಳಿದಾಗಿನಿಂದ ಅವಳು ದಿನವೂ ಸ್ಕೂಟರಿನಲ್ಲಿ ಪಾರ್ಕಿಗೆ ಹೋಗಿ, ಶಿಕ್ಷೆಯಂತೆ ಸುತ್ತು ಹಾಕಿ, ಸ್ಕೂಟರಿನಲ್ಲೇ ಮರಳುತ್ತಿದ್ದಳು. ಇವತ್ತು ಅಲ್ಲಿ ಸಿಕ್ಕ ಮಾವ ಸೇತುರಾಮಯ್ಯನವರ ಜೊತೆ ಮಾತಾಡುತ್ತ ಹೊರಬಿದ್ದಿದ್ದಳಷ್ಟೆ. ಎಂಬತ್ತರ ಹತ್ತಿರದ ಆ ಜೀವ ಪ್ರತಿ ಮನೆಯ ಮುಂದೆ ಮೂಗರಳಿಸಿ, “ಇಲ್ಲಿ ಉಪ್ಪಿಟ್ಟು, ತಳ ಹತ್ತಿದೆ. ಅಲ್ಲಿ ಗೊಜ್ಜವಲಕ್ಕಿ,” ಎನ್ನುತ್ತ ಹುಡುಗನ ಹಾಗೆ ನಡೆಯುತ್ತಿದ್ದರು. ಅವಳೂ ಪಂದ್ಯಕ್ಕೆ ಬಿದ್ದಳು. ಮೂಲೆ ಮನೆಯ ತಿಂಡಿ ಯಾವುದೆಂದು ಇಬ್ಬರಿಗೂ ಜಗಳವೇ ಆಯಿತು. ಇಷ್ಟು ವರ್ಷ ಹಾರನ್ ಹೊಡೆದುಕೊಂಡು ದಾಟಿದ ಬೀದಿಯಲ್ಲಿ ಇಷ್ಟೊಂದು ಘಮವಿತ್ತೆ? ದಾರಿ ಮುಗಿದದ್ದೇ ತಿಳಿಯಲಿಲ್ಲ.

“ಆಟೋದಲ್ಲಿ ಹೋಗಿ ಗಾಡಿ ತಗೊಂಡ್ಬಾಮ್ಮ,” ಎಂದರು ಅತ್ತೆ.

ಸುರಭಿ ಕೀಯನ್ನು ಅವರ ಕೈಗಿಟ್ಟಳು. “ಗಾಡಿ ಸಂಜೆ ನಿಮ್ಮ ಮಗ ತರ್ಲಿ ಬಿಡಿ ಅತ್ತೆ.” ಆಮೇಲೆ ಚಪ್ಪಲಿ ಬಿಡುತ್ತಿದ್ದ ಮಾವನ ಕಡೆ ತಿರುಗಿದಳು. “ಮಾವ, ಆ ಮೂಲೆ ಮನೇದು ಖಂಡಿತ ಅಕ್ಕಿ ರೊಟ್ಟಿ ಅಲ್ಲ. ಬನ್ನಿ, ಇನ್ನೊಂದ್ಸಲ ಹೋಗಿ ಬರೋಣ.”